ಗಣಪತಿಯ ಬೆನ್ನು ಬಿದ್ದ ಬಾಗಿಲು

ರವೀಂದ್ರನಗರದ ನಮ್ಮ ಅಡ್ಡರಸ್ತೆಯಲ್ಲಿ ಗಣಪತಿ ಕೂರುತ್ತಿದ್ದುದು ಯಾವಾಗಲೂ ಹಳೇ ವಠಾರಕ್ಕೆ ಮುಖ ಮಾಡಿ. ವಠಾರದ ಎದುರಿಗಿದ್ದದ್ದು ಖಾಲಿ ಸೈಟು, ಗಣಪತಿಯ ಬೆನ್ನು ಅದರ ಕಾಂಪೌಂಡಿಗೆ. ಗಣಪತಿಯ ಬೆನ್ನಲ್ಲಿ ದಾರಿದ್ರ್ಯ ಇರುತ್ತದೆ, ಅದು ಯಾರ ಮನೆ ಬಾಗಿಲಿಗೂ ಬೀಳಬಾರದು ಅಂತ ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು.

ಆ ಸೈಟಿನಲ್ಲಿ ತನುಜಾಳ ಮನೆ ಎದ್ದಿತು. ಎರಡು ಅಂತಸ್ತು, ಗ್ರಾನೈಟು ಮೆಟ್ಟಿಲು, ನೋಡಿದರೆ ಕಣ್ಣು ಕುಕ್ಕಬೇಕು. ಹುಡುಗಿ ಒಳ್ಳೆಯವಳೇ, ಸುಮ್ಮನೆ ಯಾಕೆ ಏನಾದರೂ ಹೇಳಬೇಕು. ವಠಾರವನ್ನು ಯಾರೋ ಅಪಾರ್ಟ್‌ಮೆಂಟ್ ಕಟ್ಟಲು ಕೊಂಡಿದ್ದರು, ಒಂದೊಂದೇ ಮನೆ ಖಾಲಿಯಾಗುತ್ತಿತ್ತು. ಹಬ್ಬದ ಮೀಟಿಂಗ್ ಸೇರಿದಾಗ ತನುಜಾ ಎದ್ದು ನಿಂತಳು.

"ನಮ್ದು ಹೊಸ ಮನೆ, ಒಳಗೆ ಎಳೇ ಮಗು ಇದೆ. ಈ ಸಲ ಗಣಪತೀನ ನಮ್ ಕಡೆ ತಿರುಗಿಸಿ ಕೂರಿಸೋಣ. ಬೆನ್ನು ವಠಾರಕ್ಕೆ ಬರ್ಲಿ, ಹೆಂಗೂ ಅಲ್ಲಿ ಯಾರಿದಾರೆ?"

ದ್ಯಾಮಮ್ಮಜ್ಜಿ ಇದ್ದಳು. ನನಗೆ ಗೊತ್ತಿತ್ತು. ಸೊಂಟ ಮುರಿದು ಮಂಚ ಹಿಡಿದಿದ್ದಳು. ಭದ್ರಾವತಿಯ ಜನ್ನಾಪುರದಲ್ಲಿರುವ ಮಗಳು ಕರೆದರೂ, ಈ ಬೀದಿಯ ಗಣಪತಿಯನ್ನು ಕಡೆಯ ಸಲ ನೋಡಿಯೇ ಬರುತ್ತೇನೆ ಅಂತ ನಿಂತಿದ್ದಳು. ಹೊಸಬರ ಎದುರು ನಿಷ್ಠುರ ಯಾಕೆ ಅಂತ ನಾನು ಸುಮ್ಮನೆ ಕೂತೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ತನುಜಾ ಹೇಳಿದಂತೆಯೇ ಗಣಪತಿ ಕೂತ. ಎರಡನೇ ದಿನ ಸಂಜೆ ಪ್ರಸಾದ ಹಂಚಲು ಹೊರಟಾಗ ತನುಜಾಳನ್ನೂ ಅಜ್ಜಿಯ ಹತ್ತಿರ ಕರೆದುಕೊಂಡು ಹೋದೆ. ಪೆಂಡಾಲಿನ ಹಿಂದೆ ಕಟ್ಟಿದ ಬಿಳಿ ಬಟ್ಟೆ ಅಜ್ಜಿಯ ಬಾಗಿಲಿಗೇ ಒತ್ತಿಕೊಂಡಿತ್ತು. ಆಚೆಯ ಸೀರಿಯಲ್ ಸೆಟ್ಟಿನ ದೀಪಗಳ ಬೆಳಕಿಗೆ ಗಣಪತಿಯ ಬೆನ್ನು ಅದರ ಮೇಲೆ ಕಪ್ಪಗೆ ಮೂಡಿತ್ತು. ಅಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಯಾಕಜ್ಜಿ, ಹಂಗೆ ಮಲ್ಗಿದೀರ?" ತನುಜಾ ಕೇಳಿದಳು.

"ಈ ಕಡೆ ತಿರುಗಿದ್ರೆ ಅವನ ಬೆನ್ನು ಕಾಣುತ್ತಲ್ಲ ತಾಯಿ. ಜಾಗ ಸಾಲ್ದೆ ಹಂಗೆ ಕೂರಿಸಿರ್ತಾರೆ, ಪಾಪ."

ತನುಜಾ ಪ್ರಸಾದವನ್ನು ಮಂಚದ ಮೇಲಿಟ್ಟಳು. ಹೊರಗೆ ಬಂದವಳೇ ಪೂಜೆ ಮಾಡುವ ಯಜ್ಞನಾರಾಯಣ ಭಟ್ಟರ ಹತ್ತಿರ ಓಡಿದಳು. ಈಗಲೇ ತಿರುಗಿಸಿ ಅಂದಳು.

"ಪ್ರಾಣಪ್ರತಿಷ್ಠೆ ಆದ್ಮೇಲೆ ಅಲ್ಲಾಡಿಸೋ ಹಂಗಿಲ್ಲಮ್ಮ. ಮಕ್ಕಳಾಟವಾ ಇದು? ಇನ್ನು ಎತ್ತೋದು ವಿಸರ್ಜನೆ ದಿನಾನೇ."

"ನಾನೇ ತಿರುಗಿಸಿದ್ದು ಅಂತ ಅಜ್ಜಿಗೆ ಹೇಳ್ಬಿಡ್ಲಾ ಅಕ್ಕ?" ತನುಜಾ ನನ್ನ ಕೈ ಹಿಡಿದು ಕೇಳಿದಳು.

"ಹೇಳಿ ಏನ್ ಮಾಡ್ತೀಯ ಮಾರಾಯ್ತಿ, ಬೆನ್ನು ಮುಖ ಆಗುತ್ತಾ?" ಅಂದೆ. ಮೀಟಿಂಗಿನಲ್ಲಿ ಸುಮ್ಮನೆ ಕೂತಿದ್ದು ನಾನೂ ಅಲ್ಲವೇ, ಅದಕ್ಕೇ ಸಿಡುಕಿದೆ.

ರಂಗೋಲಿ ಸ್ಪರ್ಧೆ, ಆರ್ಕೆಸ್ಟ್ರಾ ಎಲ್ಲ ಜೋರಾಗಿಯೇ ನಡೆದವು. ಲೋಕಲ್ ಕೇಬಲ್ಲಿನವರು ಬಂದು ತನುಜಾಳ ಮನೆಯ ಮುಂದೆ ಕ್ಯಾಮೆರಾ ಹಿಡಿದರು. ಅವಳಿಗೆ ಅನ್ನವೇ ಸೇರುತ್ತಿರಲಿಲ್ಲ.

ವಿಸರ್ಜನೆಯ ದಿನ ತನುಜಾ ಹಟ ಹಿಡಿದಳು. ಟ್ರಾಕ್ಟರಿಗೆ ಏರಿಸುವ ಮೊದಲು ಮೂರ್ತಿಯನ್ನು ವಠಾರದ ಬಾಗಿಲಿಗೆ ತಿರುಗಿಸಲೇಬೇಕು. ಬಟ್ಟೆ ಬಿಚ್ಚಿದರು, ತಮಟೆ ನಿಲ್ಲಿಸಿದರು. ಹುಡುಗರು ಗಣಪತಿಯನ್ನು ಎತ್ತಿ, ಅಜ್ಜಿಯ ಬಾಗಿಲ ಕಡೆ ತಿರುಗಿಸಿ ಹಿಡಿದರು.

"ಅಜ್ಜಿ, ತಿರುಗಿ ನೋಡಿ. ಈಗ ಮುಖ ನಿಮ್ ಕಡೆಗೇ ಇದೆ." ತನುಜಾ ಹೊಸ್ತಿಲಲ್ಲಿ ನಿಂತು ಕರೆದಳು.

ಅಜ್ಜಿ ತಿರುಗಲಿಲ್ಲ. ಗೋಡೆಯ ಕಡೆ ಮುಖವಿಟ್ಟೇ ಗಾಬರಿಯಾದಳು. "ಅಯ್ಯೋ, ಹಂಗಾದ್ರೆ ಬೆನ್ನು ನಿಮ್ಮನೆಗೆ ಬಿತ್ತಲ್ಲೇ! ಎಳೇ ಕೂಸಿರೋ ಮನೆ. ಹೋಗವ್ವ, ಮೊದ್ಲು ಬಾಗ್ಲು ಹಾಕ್ಕೊಂಡ್ ಬಾ. ನಾನು ಆಮೇಲೆ ನೋಡ್ತೀನಿ."

ಭಾರ ಹೊತ್ತ ಹುಡುಗರು ಬೇಗ ಬೇಗ ಅಂದರು. ಎದುರಿಗೆ ತನುಜಾಳ ಮನೆ ಬಾಗಿಲು ತೆರೆದೇ ಇತ್ತು, ಅವಳು ನಿಂತಲ್ಲಿಂದ ಕದಲಲಿಲ್ಲ.

"ಹಾಕಿದೀನಜ್ಜಿ," ಅಂದಳು ಕಡೆಗೆ. "ಬರೋವಾಗ್ಲೇ ಹಾಕ್ಕೊಂಡ್ ಬಂದೆ."

"ಜಾಣೆ ನನ್ನವ್ವ," ಅಂತ ದ್ಯಾಮಮ್ಮಜ್ಜಿ ನರಳುತ್ತಾ ಹೊರಳಿ, ಕಣ್ತುಂಬ ನೋಡಿ ಕೈ ಮುಗಿದಳು.

ತನುಜಾ ಹೊಸ್ತಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ಅದನ್ನು ಭಕ್ತಿ ಅಂದುಕೊಂಡಳು.