ಮುಗಿಯದ ಮುಟ್ಟು

ಕಿಟಕಿಯಾಚೆ ಬಿಳಿ, ಬಿಳಿ, ಮತ್ತೆ ಬಿಳಿ — ಯಾರೋ ಬಟ್ಟೆ ಒಣಹಾಕಿದ್ದಾರೆಯೇ, ಅಲ್ಲ, ನಮ್ಮ ಸಭೆಯವರೇ, ಶನಿವಾರದ ಪ್ರಾರ್ಥನೆ, ಮುಸಾಸ ಮರದ ಕೆಳಗೆ ಬರಿಗಾಲಲ್ಲಿ ಸಾಲುಸಾಲು ಬಿಳಿ ನಿಲುವಂಗಿ, ಆ ಬೋಳುತಲೆಯ ಎತ್ತರದವನು ನನ್ನ ಗಂಡ, ವ್ಯಾನು ತಿರುವಿನಲ್ಲಿ ವಾಲುತ್ತದೆ, ನಾನು ತಲೆ ತಗ್ಗಿಸಿದೆ, ನೋಡಿದನೇ, ನೋಡಿರಲಾರ, ಪ್ರಾರ್ಥನೆಯಲ್ಲಿ ಅವನ ಕಣ್ಣು ಮುಚ್ಚಿರುತ್ತದೆ, ನಾನು ಮನೆಯಲ್ಲಿ ಹೊರಗೆ ಕೂತಿದ್ದೇನೆ ಎಂದುಕೊಂಡಿದ್ದಾನೆ, ಮುಟ್ಟಾದವಳು ಬಿಳಿ ತೊಡುವಂತಿಲ್ಲ, ಆ ಮರದ ನೆರಳಿಗೂ ಕಾಲಿಡುವಂತಿಲ್ಲ, ಮುಗಿದ ಮೇಲೆ ಬಾ — ಮುಗಿದ ಮೇಲೆ, ಆದರೆ ಮುಗಿಯಬೇಕಾದ್ದು ಯಾವುದು, ಇದು ಒಂದೇ ಮುಟ್ಟೋ, ಒಂದು ಮುಗಿಯುವ ಮೊದಲೇ ಇನ್ನೊಂದು ಬಂದು ಸೇರಿಕೊಂಡಿತೋ, ಮೆಕ್ಕೆಜೋಳ ಬಿತ್ತುವಾಗ ಶುರುವಾಗಿದ್ದು, ಈಗ ಪೈರು ಸೊಂಟದೆತ್ತರ ಬಂದಿದೆ. ಕೆಳಗೆ ಬಿಸಿಯಾಗಿ ಏನೋ ಜಾರಿತು, ಗಂಟು, ಲಿವರಿನ ತುಂಡಿನಂಥದು, ಮಡಿಸಿ ಹಾಕಿಕೊಂಡ ಕಪ್ಪು ಬಟ್ಟೆ ತಡೆಯುತ್ತದೆಯೇ, ಪಕ್ಕದವಳಿಗೆ ವಾಸನೆ ಬರುತ್ತಿದೆಯೇ, ಅವಳು ಮೂಗು ಮುಚ್ಚಿಕೊಂಡದ್ದು ಧೂಳಿಗೋ ನನಗೋ.

ಅವನು ಕೆಟ್ಟವನಲ್ಲ, ಅಡುಗೆ ಗುಡಿಸಲಿನ ಬಾಗಿಲಲ್ಲಿ ಸೌದೆ ಇಳಿಸಿ ಅಲ್ಲೇ ನಿಂತು ಮಗಳ ಹೆಸರು ಹಿಡಿದು ಕೇಳುತ್ತಾನೆ, ಇನ್ನೂ ಮುಗಿದಿಲ್ವಾ ಕುಂದಾಯಿ ಅಮ್ಮ, ಇಲ್ಲ ಕುಂದಾಯಿ ಅಪ್ಪ, ಹೂಂ ಅಂದು ಹೋಗುತ್ತಾನೆ, ಇನ್ನೇನು ಕೇಳಿಯಾನು, ಕೇಳುವುದೆಲ್ಲ ಅವನ ಅಕ್ಕ ತೇತೆಯ ಕೆಲಸ, ನಮ್ಮಲ್ಲಿ ಗಂಡನ ಅಕ್ಕನೆಂದರೆ ಅರ್ಧ ಗಂಡನೇ, ಪ್ರಾರ್ಥನೆ ಮಾಡಿದ ಕಲ್ಲುಗಳನ್ನು ನೀರಿಗೆ ಹಾಕಿ ತಂದು ಎದುರು ಕೂತು ಕುಡಿಸುತ್ತಾಳೆ, ಕುಡಿ, ತಳದವರೆಗೂ ಕುಡಿ, ಈಗ ಹೇಳ್ಬಿಡು, ಏನ್ ಮಾಡ್ಕೊಂಡಿದ್ದೀಯ, ಏನೂ ಇಲ್ಲ ತೇತೆ, ಏನೂ ಇಲ್ದೆ ಹೆಂಗಸರ ಮೈ ಹಿಂಗೆ ಬಾಯಿಬಿಡಲ್ಲ ಕಣೇ, ಸಭೆಯ ಪ್ರವಾದಿಗಳು ಹೇಳಿದಾರೆ, ನೀನೇನೋ ಬಚ್ಚಿಟ್ಟಿದ್ದೀಯಂತೆ. ನಾನು ನಿಜವಾಗಿ ಹುಡುಕಿದೆ, ರಾತ್ರಿಯೆಲ್ಲ ನನ್ನೊಳಗೇ ಹುಡುಕಿದೆ, ಮದುವೆಗೆ ಮೊದಲು ತಿರುಗಿ ನೋಡಿದ ಆ ಸೈಕಲ್ಲಿನವನೇ, ಅತ್ತೆಯ ಸಾವಿನಲ್ಲಿ ಅಳು ಬರದಿದ್ದದ್ದೇ, ಕದ್ದು ತಿನ್ನುವ ಹುತ್ತದ ಮಣ್ಣೇ — ಅದೊಂದು ಹೊಸ ಹುಚ್ಚು, ಮಣ್ಣಿನ ವಾಸನೆ ಬಂದರೆ ಬಾಯಲ್ಲಿ ನೀರೂರುತ್ತದೆ, ಮುದ್ದೆ ಗಂಟಲಿಗೆ ಇಳಿಯುವುದಿಲ್ಲ, ಮಣ್ಣು ಇಳಿಯುತ್ತದೆ, ಬಸುರಿಯೇನೋ ಅಂದುಕೊಂಡೆ, ರಕ್ತ ಹೋಗುತ್ತಿರುವವಳು ಬಸುರಿ ಹೇಗಾದಾಳು, ಹೋಗುತ್ತಿರುವುದೇ ಬಸಿರೋ. ಮೊನ್ನೆ ನಲ್ಲಿಯ ಹತ್ತಿರ ನೆಲ ಮೇಲೆ ಬಂತು, ನಾನೇ ಕೆಳಗೆ ಹೋದೆನಂತೆ, ಕಣ್ಣು ಬಿಟ್ಟರೆ ಮಗಳು ಕುಂದಾಯಿ ನನ್ನ ಮುಖ ಹಿಡಿದುಕೊಂಡಿದ್ದಳು, ಅಮ್ಮಾ, ನಿನ್ನ ತುಟಿ ಎಲ್ಲಿ ಹೋಯ್ತು, ಬೆಳ್ಳಗಾಗ್ಬಿಟ್ಟಿದೆ, ಆಸ್ಪತ್ರೆಗೆ ಹೋಗಮ್ಮಾ. ನಮ್ಮ ಸಭೇಲಿ ಪ್ರಾರ್ಥನೆ ಬಿಟ್ಟು ಬೇರೆ ಮದ್ದಿಲ್ಲ, ನಾವು ಆಸ್ಪತ್ರೆಗೆ ಹೋಗೋರಲ್ಲ ಮಗಳೇ. ಎಲ್ಲರೂ ಪ್ರಾರ್ಥನೆಗೆ ಹೋದಾಗ ಹೋಗು, ನಿನ್ನನ್ನಂತೂ ಯಾರೂ ಕರಿಯಲ್ಲ. ಹೌದಲ್ಲ, ಹೊರಗಿಟ್ಟವಳು ಎಲ್ಲಿಗೆ ಹೋದಳೆಂದು ಯಾರು ನೋಡುತ್ತಾರೆ.

ಇಳಿದೆ, ಇಳಿದೆನೇ, ಹೌದು, ಇದು ಆಸ್ಪತ್ರೆಯ ಗೇಟು, ಫಿನಾಯಿಲು, ಬೆಂಚು, ಮುಂದೆ ಜರುಗಮ್ಮ, ಮುಂದೆ ಕೂತ ಹೆಂಗಸಿನ ತಲೆಗೆ ಹಸಿರು ವಸ್ತ್ರ, ಆ ಕತ್ತು, ಕತ್ತಿನ ಮೇಲಿನ ಆ ಮಚ್ಚೆ ನನಗೆ ಗೊತ್ತು, ತಪ್ಪು ನೋಡುತ್ತಿದ್ದೇನೆ, ತಲೆ ಸುತ್ತುವಾಗ ಎಲ್ಲರೂ ಎಲ್ಲರಂತೆ ಕಾಣುತ್ತಾರೆ, ಅವಳು ತಿರುಗಿದಳು — ತೇತೆ. ಬಿಳಿ ಇಲ್ಲದ ತೇತೆ. ನೀನಿಲ್ಲಿ? ನೀವಿಲ್ಲಿ, ತೇತೆ? ಅವಳ ಕೈಯಲ್ಲಿ ಮಾತ್ರೆಯ ಪೊಟ್ಟಣ, ಬಚ್ಚಿಡಲು ಹೋದಳು, ಬಿಟ್ಟಳು, ಬೀಪಿ ಕಣೇ, ಏನ್ ಮಾಡ್ಲಿ, ತಲೆ ಸಿಡೀತದೆ. ಕಲ್ಲಿನ ನೀರು? ಅದನ್ನೂ ಕುಡೀತೀನಿ, ಕುಡಿದು ಇಲ್ಲಿಗೂ ಬರ್ತೀನಿ. ನನಗೆ ನಗು ಬಂತೋ ಅಳು ಬಂತೋ, ಸಿಟ್ಟು ಬರಬೇಕಿತ್ತು, ಎದುರು ಕೂತು ತಳದವರೆಗೂ ಕುಡಿಸಿದವಳು, ಸಿಟ್ಟು ಮೇಲೇಳಲು ಹೋಗಿ ಮೊಣಕಾಲಲ್ಲೇ ಕುಸಿಯಿತು, ಅವಳ ಕೈ ನನ್ನ ಕಂಕುಳಿಗೆ ಬಂದು ಹಿಡಿಯಿತು, ಅಯ್ಯೋ ಬೂದಿ ಆಗಿದೀಯಲ್ಲೇ, ಸಿಸ್ಟರ್, ಸಿಸ್ಟರ್, ಇವಳನ್ನ ಮೊದಲು ನೋಡಿ, ನನ್ನ ತಮ್ಮನ ಹೆಂಡ್ತಿ ಇವಳು.

ಹೊಟ್ಟೆಯ ಮೇಲೆ ತಣ್ಣಗಿನ ಎಂಥದೋ ಅಂಟು, ಡಾಕ್ಟರು ಹುಡುಗಿ, ಕುಂದಾಯಿಗಿಂತ ತುಸು ದೊಡ್ಡವಳಿರಬೇಕು, ಗರ್ಭಕೋಶದಲ್ಲಿ ಗಡ್ಡೆ ಇದೆ ಅಮ್ಮ, ಮಾವಿನಕಾಯಿಯಷ್ಟಿದೆ, ಯಾರು ಮಾಡಿದ್ದು ಡಾಕ್ಟ್ರೇ, ಯಾರೂ ಮಾಡಿದ್ದಲ್ಲಮ್ಮ, ಬೆಳೀತಾವೆ, ತೆಗೀಬಹುದು, ಆದ್ರೆ ಮೊದಲು ರಕ್ತ ಹಾಕ್ಬೇಕು, ಇಷ್ಟು ಕಡಿಮೆ ಇಟ್ಕೊಂಡು ನೀವು ವ್ಯಾನು ಹತ್ತಿ ಬಂದ್ರಾ, ಒಪ್ಪಿಗೆನಾ? ಯಾರೂ ಮಾಡಿದ್ದಲ್ಲ — ಹಾಗಾದರೆ ನಾನು ಅಷ್ಟು ರಾತ್ರಿ ಹುಡುಕಿದ್ದು ಏನನ್ನು, ಆ ಸೈಕಲ್ಲಿನವನು ಪಾಪ, ತೇತೆಯ ಮುಖ ನೋಡಿದೆ, ಅವಳು ಗೋಡೆ ನೋಡಿದಳು, ಗಂಡನ ಬಿಳಿ ಕಂಡಿತು, ಮಗಳ ಕೈ ಕಂಡಿತು, ಹಾಕಿ ಎಂದೆ, ನಾನೇ ಎಂದೆ, ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಮನೆಗೆ ನಾನು ಹೇಳ್ತೀನಿ ಬಿಡು, ಅಂದಳು ತೇತೆ. ಏನಂತ ಹೇಳ್ತೀರಿ? ಗೊತ್ತಿಲ್ಲ, ದಾರೀಲಿ ಯೋಚಿಸ್ತೀನಿ, ಆದ್ರೆ ಕಲ್ಲಿನ ನೀರು ಇನ್ಮೇಲೆ ತರಲ್ಲ.

ಸೂಜಿ ಚುಚ್ಚಿದ್ದಾರೆ, ಮೇಲೆ ಚೀಲ ತೂಗುತ್ತಿದೆ, ಯಾರದ್ದು ಸಿಸ್ಟರ್, ಗೊತ್ತಾಗಲ್ಲ ಕಣಮ್ಮ, ಯಾವುದೋ ಹೈಸ್ಕೂಲ್ ಮಕ್ಕಳದ್ದಿರಬೇಕು, ನಮ್ಮಲ್ಲಿ ಅವರೇ ಜಾಸ್ತಿ ರಕ್ತ ಕೊಡೋದು — ಯಾವುದೋ ಹುಡುಗಿ, ತಿಂಗಳಿಗೊಮ್ಮೆ ಅವಳನ್ನೂ ಹೊರಗೆ ಕೂರಿಸುತ್ತಾರೋ ಏನೋ, ನನ್ನಿಂದ ಹೋಗುವುದು ಮೈಲಿಗೆ, ಅವಳಿಂದ ನನಗೆ ಬರುವುದು ಏನು, ಎರಡೂ ಒಂದೇ ಬಣ್ಣ, ಮೇಲಿನಿಂದ ಇಳಿಯುತ್ತಿದೆ, ಕೆಳಗಿನಿಂದ ಇನ್ನೂ ಹೋಗುತ್ತಲೇ ಇದೆ, ನಡುವೆ ಇರುವವಳು ನಾನೋ, ಬರೀ ಕೊಳವೆಯೋ, ಮುಂದಿನ ಶನಿವಾರ ನಾನು ಒಳಗಿನವಳೋ ಹೊರಗಿನವಳೋ, ತೇತೆ ಕಾಲ ಬಳಿ ಕೂತು ತೂಕಡಿಸುತ್ತಿದ್ದಾಳೆ, ಕೊಳವೆಯ ಬಾಯಲ್ಲಿ ಹನಿ ತುಂಬಿಕೊಳ್ಳುತ್ತದೆ, ದುಂಡಗಾಗುತ್ತದೆ, ತೂಗುತ್ತದೆ, ಬೀಳುವುದೇ ಇಲ್ಲವೇನೋ, ಬಿತ್ತು, ಮತ್ತೆ ಹನಿ, ದುಂಡಗೆ, ತೂಗುತ್ತದೆ, ಬಿತ್ತು, ಮತ್ತೆ ಹನಿ, ತೂಗುತ್ತದೆ, ತೂಗುತ್ತದೆ, ಹನಿ —