ಕಿರುಬೆರಳಲ್ಲಿ ಉಳಿದ ಸೀಲು

ಏನೋ ಕಪ್ಪಗೆ, ಕಿರುಬೆರಳ ಬುಡದಲ್ಲಿ, ಗ್ರೀಸಿನ ಗೆರೆಯಿರಬೇಕು, ಸಂಜೆಯ ಪ್ರಾರ್ಥನೆಗೆ ಕೈ ಜೋಡಿಸಿದಾಗಲೇ ಇಂಥದ್ದೆಲ್ಲ ಕಣ್ಣಿಗೆ ಬೀಳುವುದು, ಲಾಫಾಯಿ ಹೆಬ್ಬೆರಳಿನಿಂದ ಉಜ್ಜಿದ, ಹೋಗಲಿಲ್ಲ, ಮತ್ತೆ ಉಜ್ಜಿದ, ಅದು ತಿರುಗಿತು — ಗ್ರೀಸು ಎಲ್ಲಾದರೂ ತಿರುಗುತ್ತದೆಯೇ — ಅಯ್ಯೋ ದೇವರೇ, ಸೀಲು, ನೀರು ಸೋರದಂತೆ ಕೊಳವೆಗೆ ಹಾಕುವ ಆ ದರಿದ್ರ ರಬ್ಬರ್ ಉಂಗುರ, ಮಧ್ಯಾಹ್ನವೆಲ್ಲ ಅಂಗಳದ ಹುಲ್ಲು ಕೆದಕಿ ಹುಡುಕಿದ್ದು ಇದನ್ನೇ, ನುಂಗಿಬಿಟ್ಟಿದೆ ಎಂದು ಹಂದಿಗೊಂದು ಒದೆಯನ್ನೂ ಕೊಟ್ಟಾಗಿತ್ತು, ಕಳೆಯದಿರಲಿ ಎಂದು ತಾನೇ ಬೆರಳಿಗೆ ಹಾಕಿಕೊಂಡಿದ್ದ, ಈಗ ನೆನಪಾಗುತ್ತಿದೆ, ಎಂಥಾ ಜಾಣ, ಇಡೀ ಸವಾಯಿ ದ್ವೀಪದಲ್ಲಿ ಇಂಥ ಜಾಣ ಇನ್ನೊಬ್ಬನಿಲ್ಲ. ಎದುರಿಗೆ ಚಾಪೆಯ ಮೇಲೆ ಪಾದ್ರಿ ವಿಲಿಯಾಮು, ಬಿಳಿ ಅಂಗಿ, ಮುಚ್ಚಿದ ಕಣ್ಣು, ವ್ಯಾನು ಒಯ್ಯಲು ಬಂದಿದ್ದರು, ಅಷ್ಟರಲ್ಲಿ ಊರಿನಲ್ಲಿ ಪ್ರಾರ್ಥನೆಯ ಶಂಖ ಊದಿತು, ಇಲ್ಲೇ ಕೂತರು, ಅವರ ಬೆನ್ನ ಹಿಂದೆ ಗೋಡೆಯಿಲ್ಲ, ಇಲ್ಲಿನ ಮನೆಗಳಿಗೆ ಬರೀ ಕಂಬ, ಕಂಬಗಳ ನಡುವೆ ಅವರದೇ ವ್ಯಾನು, ಲಾಫಾಯಿಯೇ ರಿಪೇರಿ ಮಾಡಿ ತೊಳೆದು ನಿಲ್ಲಿಸಿದ್ದು, ಎಂಜಿನ್ ತಣಿಸುವ ಹೊಸ ವಾಟರ್ ಪಂಪು, ಹನ್ನೆರಡು ಬೋಲ್ಟು, ಪಂಪಿಗೆ ಸೇರುವ ನೀರಿನ ಕೊಳವೆ, ಕೊಳವೆಯ ತುದಿಗೆ ಒಂದು ಸಣ್ಣ ಸೀಲು, ಇಲ್ಲ, ಇಲ್ಲ, ಅಲ್ಲಿಲ್ಲ, ಇಲ್ಲಿದೆ. ಆಕ್ಲೆಂಡಿನಿಂದ ಚಿಕ್ಕಪ್ಪನ ಮಗ ಪೆಸಮಿನೊ ಮಧ್ಯಾಹ್ನ ಫೋನಿನಲ್ಲಿ ನಗುತ್ತಿದ್ದ, ಬಿಟ್ಟಾಕೋ ಮಾರಾಯ, ಸಾಮೋವಾದಲ್ಲಿ ಕೂತ್ಕೊಂಡು ಒಂದು ಚೂರು ರಬ್ಬರಿಗೆ ಅಳ್ತೀಯಲ್ಲೋ, ಗಮ್ ಬಳಿ, ಕೊಳವೆ ತುರುಕು, ನಾನು ಹತ್ತು ಗಾಡಿಗೆ ಹಾಗೇ ಮಾಡಿದೀನಿ, ಆ ಹತ್ತು ಗಾಡಿ ಈಗ ಎಲ್ಲಿವೆ ಎಂದು ಕೇಳಬೇಕಿತ್ತು, ಕೇಳಲಿಲ್ಲ, ಪೆಸಮಿನೊ ಎರಡು ವರ್ಷದಲ್ಲಿ ಮೂರು ಗ್ಯಾರೇಜು ಬದಲಾಯಿಸಿದ್ದು ಯಾಕೆ ಎಂದೂ ಕೇಳಲಿಲ್ಲ.

ಇರಲಿ, ಗಮ್ ದಪ್ಪಗೇ ಬಳಿದಿದ್ದೇನೆ, ಹತ್ತು ನಿಮಿಷ ಎಂಜಿನ್ ಓಡಿಸಿದೆ, ಒಂದು ಹನಿ ಸೋರಲಿಲ್ಲ, ಆದರೆ ಹತ್ತು ನಿಮಿಷ ಬೇರೆ, ನಾಳೆಯ ಏರು ಬೇರೆ, ಬೆಳಗಾಗುತ್ತಲೇ ಚರ್ಚಿನ ಹಾಡುಗಾರ್ತಿಯರು ಹದಿನಾಲ್ಕು ಜನ, ಸ್ಪರ್ಧೆಗೆ ಹೊರಟವರು, ಗಂಜಿ ಹಾಕಿದ ಬಿಳಿ ಬಟ್ಟೆ, ಬಿಳಿ ಟೋಪಿ, ಹಡಗು ಹಿಡಿಯಬೇಕು, ನಡುವೆ ಲಾವಾದ ಕರಿಬಂಡೆ, ಮೈಲಿಗಟ್ಟಲೆ ಒಂದು ಮನೆಯಿಲ್ಲ, ಒಂದು ಚೊಂಬು ನೀರಿಲ್ಲ, ಅಲ್ಲಿ ಗಮ್ ಕಿತ್ತುಕೊಂಡು ಬುಸ್ ಎಂದು ಹಬೆ, ಮುಂದಿನ ಸೀಟಿನಲ್ಲಿ ಯಾರು, ತಿಲೋಮಾಯ್, ಕೈಹಿಡಿದ ಹೆಂಡತಿ, ಬೈಯುವವಳಲ್ಲ ಅವಳು, ಬೈದರೆ ಬದುಕಿಕೊಳ್ಳಬಹುದಿತ್ತು, ಮಾತು ಬಿಡುತ್ತಾಳೆ, ಹೋದ ಸಲ ಏಳು ವಾರ. ಹಾಗಾದರೆ ಹೇಳಿಬಿಡು, ಬಿಚ್ಚು, ಎರಡು ತಾಸಿನ ಕೆಲಸ, ಹೇಗೆ ಹೇಳುವುದು, ಈಗಷ್ಟೇ ಪಾದ್ರಿಗೆ ಕೋಕೋ ಕೊಡುತ್ತ ಕೊಚ್ಚಿಕೊಂಡದ್ದು ಯಾರು, ಮೂವತ್ತು ವರ್ಷದಲ್ಲಿ ಒಂದು ನಟ್ಟೂ ಮಿಗಿಸಿದೋನಲ್ಲ ಪಾದ್ರಿಗಳೇ, ಬೇಕಾದ್ರೆ ಊರನ್ನ ಕೇಳಿ. ಪಾದ್ರಿಯ ದನಿ ಏರುತ್ತಿದೆ, ಕರ್ತನೇ, ನಮ್ಮ ಲಾಫಾಯಿಯ ಕೈಗಳನ್ನು ಆಶೀರ್ವದಿಸು, ಆ ಹತ್ತು ಬೆರಳುಗಳನ್ನು ಆಶೀರ್ವದಿಸು — ಹತ್ತು ಯಾಕೆ ಎಣಿಸಬೇಕಿತ್ತು ಇವರು, ಒಂಬತ್ತು ಸಾಕು — ಅವನು ಕಿರುಬೆರಳನ್ನು ಮಡಚಿ ಅಂಗೈಯೊಳಗೆ ಅಡಗಿಸಿದ, ಪಕ್ಕದಿಂದ ತಿಲೋಮಾಯ್ ಮೊಣಕೈಯಲ್ಲಿ ತಿವಿದಳು, ಸುಮ್ನೆ ಕೂತ್ಕೊಳ್ಳಿ, ಏನು ಇರುವೆ ಕಚ್ತಾ.

ಲಾಫಾಯಿ, ಕೊನೇ ಪ್ರಾರ್ಥನೆ ನೀನೇ ಮಾಡಪ್ಪ, ಎಂದರು ಪಾದ್ರಿ. ನಾನಾ, ಎಂದಿತು ಮನಸ್ಸು, ಬಾಯಿ ಆಗಲೇ ಹೊರಟಿತ್ತು, ಅದಕ್ಕೆ ಅಭ್ಯಾಸ, ಈ ದಿನಕ್ಕಾಗಿ ವಂದನೆ ಕರ್ತನೇ, ಊಟಕ್ಕಾಗಿ ವಂದನೆ, ನಾಳೆ ಹಾಡೋ ಹೆಂಗಸರ ಕಂಠಕ್ಕಾಗಿ ವಂದನೆ, ಅವರು ಹೋಗೋ ವ್ಯಾನಿಗಾಗಿ — ಅಲ್ಲಿ ನಿಂತಿತು, ಯಾರೋ ಕೆಮ್ಮಿದರು, ಪಕ್ಕದಲ್ಲಿ ತಿಲೋಮಾಯಳ ಉಸಿರು, ತೆಂಗಿನೆಣ್ಣೆಯ ವಾಸನೆ, ಬಂಡೆಯ ಬಿಸಿಲಿನಲ್ಲಿ ನಡೆಯುವ ಹದಿನಾಲ್ಕು ಬಿಳಿ ಟೋಪಿ, ಆಗುವುದಿಲ್ಲ, ನನ್ನಿಂದಾಗುವುದಿಲ್ಲ — ವ್ಯಾನಿಗೆ ಸೀಲು ಹಾಕಿಲ್ಲ ಕರ್ತನೇ, ಅದು ನನ್ನ ಬೆರಳಲ್ಲಿದೆ, ಆಮೆನ್. ಆಮೆನ್, ಎಂದರು ಎಲ್ಲರೂ, ಪಾದ್ರಿ ಎಲ್ಲರಿಗಿಂತ ಜೋರಾಗಿ, ತಿಲೋಮಾಯ್ ಮಾತ್ರ ಅನ್ನಲಿಲ್ಲ. ಆಮೇಲೆ ಒಂದೊಂದೇ ಕಣ್ಣು ತೆರೆಯಿತು, ಎಲ್ಲಿದೆ ಅಂದೆ, ಎಂದರು ಪಾದ್ರಿ, ಅವನು ಕಿರುಬೆರಳೆತ್ತಿದ, ಅವರು ನೋಡಿದರು, ಬಿಳಿ ಅಂಗಿಯ ತೋಳು ಮಡಚತೊಡಗಿದರು, ತೆಗಿ ಮತ್ತೆ, ಬಿಚ್ಚು, ಟಾರ್ಚ್ ನಾನು ಹಿಡೀತೀನಿ, ಅಷ್ಟೇ, ಒಂದು ಬೈಗುಳವೂ ಇಲ್ಲ, ಎದೆ ಎಷ್ಟು ಹಗುರಾಯಿತೆಂದರೆ ಅಳುವೇ ಬಂತು ಲಾಫಾಯಿಗೆ, ಅವನು ಸೀಲು ಹಿಡಿದು ಎಳೆದ, ಬರಲಿಲ್ಲ, ತಿರುಚಿದ, ಬೆರಳಿನ ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು, ಮಧ್ಯಾಹ್ನದಿಂದ ಬಿಗಿದು ಬೆರಳು ಬದನೆಕಾಯಿಯಾಗಿದೆ, ತಿಲೋಮಾಯ್ ಎಣ್ಣೆ ಸುರಿದಳು, ಹುಷಾರು, ಮೆಲ್ಲಗೆ, ಹರಿದುಗಿರಿದೀತು, ಇರೋದು ಅದೊಂದೇ, ಎಂದಳು, ಬೆರಳಿನ ಮಾತಲ್ಲ, ಸೀಲಿನದು, ಅಡ್ಡಿಯಿಲ್ಲ, ಮಾತಾಡಿದಳಲ್ಲ, ಪಾದ್ರಿ ಟಾರ್ಚಿನ ಬೆಳಕು ಬಿಟ್ಟರು, ಎಲ್ಲರೂ ಬಗ್ಗಿದರು, ಎಳೆ, ಬರಲಿಲ್ಲ, ಊದಿದ ಬೆರಳು, ಕರಿ ಸೀಲು, ಎಳೆ, ಕರಿ ಸೀಲು —