ಸಡಿಲ ಬಿಟ್ಟ ಎಳೆ

ಕಣ್ಣಿಗೇ ಕಾಣದ ಒಂದೇ ಒಂದು ಅಣುವನ್ನು ಇಳಕಲ್ಲಿನ ನಮ್ಮ ಮನೆಕಟ್ಟೆಯ ಮೇಲೆ ಕೂತು ಎರಡೂ ಕೈಯಿಂದ ಹಿಡಿದು ಎಳೆದವನು ನಾನು. ಅದು ಚೀರಿದ್ದು ಹುನಗುಂದದವರೆಗೂ ಕೇಳಿಸಿತ್ತು.

"ಅಣು ಚೀರ್ತೈತೇನಲೇ, ರಾಜಮಹ್ಮದ?" ಗುರಪ್ಪ ಮಾಸ್ತರರು ನಕ್ಕರು. ಅವರ ಕೈಯಲ್ಲಿದ್ದ ಪತ್ರಿಕೆಯಲ್ಲಿ ನನ್ನ ತಂಗಿ ಮುಮ್ತಾಜಳ ಫೋಟೊ. ಡಿಎನ್‌ಎಯ ಒಂದೇ ಎಳೆಯನ್ನು ಹಿಡಿದು, ಎಷ್ಟು ಎಳೆದರೆ ಎಷ್ಟು ಹಿಗ್ಗುತ್ತದೆಂದು ಅಳೆದವಳು.

"ನೀವು ನಂಬಂಗಿಲ್ಲ ಬಿಡ್ರಿ. ಆ ಅಣು ಇವತ್ತಿಗೂ ನನ್ನ ಹೆಸರು ಕೇಳಿದ್ರ ನಡಗ್ತೈತಿ."

ಎಂಬತ್ತೇಳನೇ ಇಸವಿಯಲ್ಲಿ ಅವಳು ಟ್ರಂಕು ಸಮೇತ ಬೆಂಗಳೂರಿನಿಂದ ಬಂದುಬಿಟ್ಟಿದ್ದಳು. ಅಲ್ಲಿನ ಪ್ರಯೋಗಾಲಯದಲ್ಲಿ ಆರು ವರ್ಷ ಒಂದೇ ಕೆಲಸ. ಆ ಎಳೆಯ ಒಂದು ತುದಿಯನ್ನು ಗಾಜಿಗೆ, ಇನ್ನೊಂದನ್ನು ಧೂಳಿನಷ್ಟು ಸಣ್ಣ ಮಣಿಗೆ ಅಂಟಿಸಿ, ಮೇಲೆ ನೀರು ಹರಿಸಿ ಎಳೆಯುವುದು. ಪ್ರತಿ ಸಲವೂ ಕಳಚಿಕೊಳ್ಳುತ್ತಿತ್ತು. "ಸಾಕಾತು ಭಾಯಿ, ಬಿಡ್ತೇನಿ," ಎಂದು ಅತ್ತಳು.

"ಆಗ ನಾ ಎದೀ ತಟ್ಟಿ ಹೇಳ್ದೆ ಮಾಸ್ತರ, 'ಬಿಗಿ ಇದ್ದಾಗ ಕೂಡಸಬ್ಯಾಡ ಹುಚ್ಚಿ. ಸಡ್ಲ ಬಿಟ್ಟು ಕೂಡಸು, ಆಮ್ಯಾಲೆ ಎಳಿ' ಅಂತ. ಮರುದಿನಾನ ಹೋದ್ಲು. ಫೋಟೊ ಬಂತು!"

ಒಳಗಿನಿಂದ ನನ್ನ ಅಮ್ಮ ಲಾಡಬಿ ಕೆಮ್ಮಿದಳು. ಅವಳು ಮಗ್ಗದ ಮುಂದೆ ಕೂತು ಸೀರೆಯ ಒಡಲಿಗೆ ಸೆರಗನ್ನು ಕೂಡಿಸುತ್ತಿದ್ದಳು. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯ ಕೊಂಡಿ.

"ಮಾಸ್ತರ, ಅವನ ಪೆಟ್ಟಿಗಿ ತೆಗಸ್ರಿ," ಎಂದಳು ತಲೆಯೆತ್ತದೆ. "ಅರ್ಜಿ ಐತಿ ಅದರಾಗ."

"ಯಾವ ಅರ್ಜಿ?"

ನಿಜ ಹೇಳಲೇಬೇಕಾಯಿತು.

ಸಡಿಲ ಬಿಟ್ಟು ಕೂಡಿಸು ಎಂಬ ಆ ಮಾತು ನನ್ನದಲ್ಲ. ಅಂದು ಮುಮ್ತಾಜ ಅಳುತ್ತಲೇ ಅಮ್ಮನಿಗೆ ಕೈಜೋಡಿಸಲು ಕೂತಳು. ಬಿಗಿ ಎಳೆಗೇ ಕೊಂಡಿ ಹಾಕಹೋಗಿ ಅದು ಹರಿದಾಗ ಅಮ್ಮ ಅವಳ ಕೈಗೊಂದು ಏಟು ಕೊಟ್ಟು ಹಾಗೆಂದಿದ್ದಳು. ಮುಮ್ತಾಜಳ ಅಳು ಗಕ್ಕನೆ ನಿಂತಿತ್ತು. "ಅಮ್ಮಾ, ನಾ ಆ ಡಿಎನ್‌ಎ ಎಳಿ ಅಂಟೂದಕ್ಕ ಮೊದಲ ನೀರು ಹರಸಿ ಎಳೀತಿದ್ದೆ!"

ನಾನು ಆಗ ಇದೇ ಕಟ್ಟೆಯ ಮೇಲೆ ಕೂತು, ಹುನಗುಂದದ ಒಂದು ಶಾಲೆಯ ಟೀಚರ್ ಕೆಲಸಕ್ಕೆ ಅವಳ ಹೆಸರಿನ ಅರ್ಜಿ ತುಂಬುತ್ತಿದ್ದೆ. ಹೆಣ್ಣುಮಗಳಿಗೆ ಅಷ್ಟು ಸಾಕು ಎಂದೂ ಹೇಳಿದ್ದೆ. ಅವಳ ಸಹಿಯೊಂದೇ ಬಾಕಿ ಇತ್ತು.

ಎಲ್ಲವನ್ನೂ ಹೇಳಿ ತಲೆ ತಗ್ಗಿಸಿದೆ. ಮಾಸ್ತರರು ನಗಲಿಲ್ಲ. ಪತ್ರಿಕೆಯನ್ನು ಮಡಚಿ ನನ್ನ ಕೈಗಿಟ್ಟರು.

ಒಳಗೆ ಅಮ್ಮ ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು, ಮುಂದಿನ ಎಳೆಯನ್ನು ಸಡಿಲ ಬಿಟ್ಟಳು.